ಬೀಗರ ಊರಿನ ದಳವಾಯಿ

ನ್ಯಾಮತಿಯಲ್ಲಿ ಗಾದಿ ಹೊಲಿಯುವವರು ನಾಲ್ಕು ಮಂದಿ ಇದ್ದಾರೆ. ಅವರಲ್ಲಿ ಮೂವರು ಗಾದಿ ಹೊಲಿದು ಸುಮ್ಮನಿರುತ್ತಾರೆ. ನಾಲ್ಕನೆಯವರಾದ ಮಂಜೂರ್ ಸಾಬರ ಹಣೆಯಲ್ಲಿ ಸುಮ್ಮನಿರುವ ಭಾಗ್ಯ ಬರೆದಿರಲಿಲ್ಲ. ಹತ್ತಿ ಹಿಂಜುತ್ತ ಕೂತರೆ ಅವರ ತಲೆಯೊಳಗೆ ಕುದುರೆಗಳು ಓಡುತ್ತಿದ್ದವು, ಕೋಟೆಗಳು ಉರುಳುತ್ತಿದ್ದವು, ಪಲ್ಲಕ್ಕಿಯ ಪರದೆ ಸರಿಸಿ ಯಾರೋ ಒಬ್ಬಳು ಇಣುಕುತ್ತಿದ್ದಳು. ಇರಲಾರದವನು ಇರುವೆ ಬಿಟ್ಟುಕೊಂಡನಂತೆ ಅನ್ನುತ್ತಾರಲ್ಲ, ಹಾಗೆ ಸಾಬರು ಕಾದಂಬರಿ ಬರೆದರು.

ಅದು ಅಂತಿಂಥ ಕಾದಂಬರಿಯಲ್ಲ, ಐತಿಹಾಸಿಕ ಪ್ರಣಯ ಕಾದಂಬರಿ. ಹೆಸರು 'ಕತ್ತಿಯಲಗಿನ ಮೊಗ್ಗು'. "ಅಲಗಿನ ಮ್ಯಾಲೆ ಮೊಗ್ಗು ಹೆಂಗ್ ನಿಲ್ತೈತ್ರಿ, ಜಾರಿ ಬೀಳಲ್ವಾ?" ಎಂದು ಹೆಂಡತಿ ನೂರ್‌ಜಹಾನ್ ಕೇಳಿದ್ದಕ್ಕೆ ಸಾಬರು ಒಂದು ದಿನ ಪೂರ್ತಿ ಮಾತು ಬಿಟ್ಟಿದ್ದರು. ಕಥೆ ಏನೆಂದರೆ, ಒಬ್ಬ ಪಾಳೇಗಾರ ಕಣ್ಣು ಮುಚ್ಚುತ್ತಾನೆ. ಅಣ್ಣತಮ್ಮಂದಿರು ಗಾದಿಗಾಗಿ ಬಡಿದಾಡುತ್ತಾರೆ. (ಇದು ಸಿಂಹಾಸನದ ಗಾದಿ, ಹತ್ತಿಯದ್ದಲ್ಲ.) ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡ ಸೈನಿಕರು ಎರಡು ಹೋಳಾಗಿ ಒಬ್ಬರನ್ನೊಬ್ಬರು ಕಡಿಯುತ್ತಾರೆ. ಈ ಅಂತರ್ಯುದ್ಧದ ನಡುವೆ ಅಣ್ಣನ ಕಡೆಯ ದಳವಾಯಿ ಕೆಂಚವೀರನಿಗೂ ತಮ್ಮನ ಕೋಟೆಯಲ್ಲಿ ಬೆಳೆದ ಚಂದ್ರಾವತಿಗೂ ಪ್ರೇಮವಾಗಿಬಿಡುತ್ತದೆ. ಹುಡುಗಿಗೆ ಅಪ್ಪ ಇದ್ದರೆ ಪ್ರಣಯಕ್ಕೆ ಅಡ್ಡಿ ಎಂದು ಸಾಬರು ಮೊದಲ ಪುಟದಲ್ಲೇ ಅವಳನ್ನು ತಬ್ಬಲಿ ಮಾಡಿದ್ದರು. ಒಂಬತ್ತನೆಯ ಅಧ್ಯಾಯದಲ್ಲಿ ಕೆಂಚವೀರ ಎದೆಗೆ ಬಾಣ ತಾಗಿಸಿಕೊಂಡು, ಚಂದ್ರಾವತಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡುತ್ತಾನೆ. ನಾಯಕ ಸಾಯದಿದ್ದರೆ ಅದೆಂಥ ಚರಿತ್ರೆ ಎಂಬುದು ಸಾಬರ ಸಿದ್ಧಾಂತವಾಗಿತ್ತು. ಆ ಸಾವಿನ ದೃಶ್ಯವನ್ನು ಬರೆದಾಗ ಅವರೇ ಅತ್ತು, ಹೊಲಿಯುತ್ತಿದ್ದ ಗಾದಿಯ ಮೂಲೆ ಒದ್ದೆಯಾಗಿ, ಗಿರಾಕಿಗೆ ಸುಳ್ಳು ಹೇಳಬೇಕಾಗಿ ಬಂದಿತ್ತು.

ಹೊನ್ನಾಳಿಯ ಗುರುಬಸವರಾಜ್ ಬೆನ್ನುನೋವಿಗೆ ಗಟ್ಟಿ ಗಾದಿ ಬೇಕೆಂದು ಅಂಗಡಿಗೆ ಬಂದರು. ಅವರು 'ಹೊಳೆದಂಡೆ' ಎಂಬ ವಾರಪತ್ರಿಕೆಯ ಸಂಪಾದಕರು, ವರದಿಗಾರರು, ಮತ್ತು ಬೈಕಿನ ಮೇಲೆ ಅದನ್ನು ಹಂಚುವವರು. ಗಾದಿಯ ಅಳತೆ ಕೊಡುವಷ್ಟರಲ್ಲಿ ಸಾಬರು ಅವರಿಗೆ ಮೂರು ಅಧ್ಯಾಯ ಓದಿ ಹೇಳಿಬಿಟ್ಟರು. ಬೆನ್ನುನೋವಿನವರು ಎದ್ದು ಓಡಲಾರರು ನೋಡಿ.

"ಕಥೆ ಜೋರೈತ್ರಿ ಸಾಬ್ರೆ," ಅಂದರು ಗುರುಬಸವರಾಜ್. "ಆದ್ರೆ ಸುವರ್ಣಗಿರಿ, ರತ್ನಪುರ ಅಂತ ಇಟ್ಟೀರಲ್ಲ, ಅವೆಲ್ಲಿ ಅದಾವು? ಬಸ್ ಹೋಗ್ತಾವಾ? ನಮ್ಮ ಕಡೆ ಊರ ಹೆಸ್ರು ಹಾಕ್ರಿ. ಜನ ತಮ್ಮೂರ ಹೆಸ್ರು ಕಂಡ್ರೆ ಸಾವಿನ ಸುದ್ದಿನೂ ಖುಷಿಯಿಂದ ಓದ್ತಾರೆ."

ಸಾಬರಿಗೆ ಹೊಳೆದೇಬಿಟ್ಟಿತು. ಮಗಳು ನಿಲೋಫರಳಿಗೆ ಆ ವಾರವೇ ಸಂಬಂಧ ಕುದುರಿತ್ತು. ಹುಡುಗ ಆಕಿಬ್, ತ್ಯಾವಣಿಗೆಯವನು, ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟವನು. ನಿಲೋಫರ್ ಅವನನ್ನು ನೋಡಿದ ದಿನದಿಂದ ಮನೆಯಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಬೀಗರ ಊರಿಗೆ ಒಂದು ಗೌರವ ಇರಲಿ ಎಂದು ಸಾಬರು ಕೆಂಚವೀರನನ್ನು ತ್ಯಾವಣಿಗೆಯ ದಳವಾಯಿ ಮಾಡಿದರು. ಹೆಂಡತಿಯ ತವರು ಗೋವಿನಕೋವಿ. ಭಾವಮೈದುನ ಮುಜೀಬನೂ ಖುಷಿಯಾಗಲಿ ಎಂದು ಚಂದ್ರಾವತಿಯನ್ನೂ ತಮ್ಮನ ಕೋಟೆಯನ್ನೂ ಗೋವಿನಕೋವಿಗೆ ಸಾಗಿಸಿದರು. ಪುಟ ಪುಟದಲ್ಲೂ ಹೆಸರು ತಿದ್ದಿ, ಕಟ್ಟು ಕಟ್ಟಿ ಹೊನ್ನಾಳಿಗೆ ಕೊಟ್ಟುಬಂದರು. ಒಂಬತ್ತನೆಯ ಅಧ್ಯಾಯದಲ್ಲೂ ಹೆಸರು ಸರಿಯಾಗಿ ತಿದ್ದಿದ್ದರು. ತಿದ್ದುವಾಗ, ಸಾಯುತ್ತಿರುವವನು ಈಗ ಯಾರ ಊರಿನವನು ಎಂಬುದೊಂದು ಅವರ ತಲೆಗೆ ಹೋಗಲಿಲ್ಲ. ಬರಹಗಾರರಿಗೆ ಇಂಥ ಸಣ್ಣ ಸಂಗತಿಗಳು ಕಾಣುವುದಿಲ್ಲ.

ಎಂಟು ವಾರ ಸಾಬರು ನೆಲದ ಮೇಲೆ ನಡೆಯಲಿಲ್ಲ. ತ್ಯಾವಣಿಗೆಯ ಬೀಗಿತ್ತಿ ರುಕ್ಸಾನಾ ಬೀ ಪತ್ರಿಕೆ ಹಿಡಿದು ಬೀದಿಯುದ್ದಕ್ಕೂ "ನಮ್ಮ ಬೀಗ್ರು ನಮ್ಮೂರ ಚರಿತ್ರೆ ಬರೀತಾ ಅದಾರೆ" ಎಂದು ಸಾರಿದರು. ಆ ಊರಿನ ಕೆರೆ ಏರಿಯ ಮೇಲೆ ಒಂದು ಹಳೆಯ ವೀರಗಲ್ಲು ಇತ್ತು. ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು. ಐದನೆಯ ವಾರ ಯಾರೋ ಅದನ್ನು ತೊಳೆದು, ಇದು ಕೆಂಚವೀರನ ಕಲ್ಲೇ ಎಂದು ಹೂ ಏರಿಸಿದರು. ಗೋವಿನಕೋವಿಯಲ್ಲಿ ಹೊಳೆಗೆ ಇಳಿಯುವ ಮೆಟ್ಟಿಲಿಗೆ ಚಂದ್ರಾವತಿ ಮೆಟ್ಟಿಲು ಎಂದು ಹೆಸರಾಯಿತು. ಸುದ್ದಿ ಕೇಳಿದ ಸಾಬರು ಆಗಲೇ ಬಾಯಿಬಿಟ್ಟು, ಇದು ನನ್ನ ಕಲ್ಪನೆ ಕಣ್ರಪ್ಪ ಅನ್ನಬಹುದಿತ್ತು. ಅನ್ನಲಿಲ್ಲ. ಗಡ್ಡ ನೀವಿಕೊಂಡು, "ಸಂಶೋಧನೆ ಮಾಡ್ಬೇಕಾಗ್ತೈತೆ" ಅಂದರು. ಎದುರಿನ ಚಹಾದಂಗಡಿಯ ಮಾರಪ್ಪ, "ಎಲ್ಲಿ ಮಾಡಿದ್ರಿ ಸಾಬ್ರೆ, ಮೂರು ಹೊತ್ತೂ ಇಲ್ಲೇ ಕುಂತಿರ್ತೀರಲ್ಲ?" ಎಂದು ಕೇಳಿದ್ದಕ್ಕೆ ಹತ್ತಿಯ ಕಡೆ ತಿರುಗಿ ಕೂತರು.

ಎಂಟನೆಯ ವಾರ ನಿಲೋಫರಳ ಮಂಗ್ನಿ, ಅಂದರೆ ನಿಶ್ಚಿತಾರ್ಥ, ಆಯಿತು. ಒಂಬತ್ತನೆಯ ವಾರದ ಪತ್ರಿಕೆ ಬೆಳಿಗ್ಗೆ ತ್ಯಾವಣಿಗೆ ಮುಟ್ಟಿತು. ಹತ್ತು ಗಂಟೆಗೆ ಫೋನು ಬಂತು.

"ಏನ್ರಿ ಬೀಗ್ರೆ ಇದು?" ರುಕ್ಸಾನಾ ಬೀ ಸಲಾಮು ಕೂಡ ಹೇಳಲಿಲ್ಲ. "ಮಂಗ್ನಿ ಆಗಿ ಇನ್ನೂ ಮೆಹಂದಿ ಬಣ್ಣ ಹೋಗಿಲ್ಲ. ನಮ್ಮೂರ ಹುಡುಗನ್ನ ನಿಮ್ಮ ಮಾವನ ಊರಾಗೆ ಕರ್ಕಂಡು ಹೋಗಿ ಸಾಯ್ಸಿದ್ರಲ್ಲ!"

"ಅದು ಕಥೆ ರುಕ್ಸಾನಾ ಬೀ..."

"ಕಥೆನೋ ಚರಿತ್ರೆನೋ ಮೊದ್ಲು ತೀರ್ಮಾನ ಮಾಡ್ಕಳ್ರಿ. ಹೋದ ವಾರ ಸಂಶೋಧನೆ ಅಂದ್ರಿ. ಮಂಗ್ನಿ ಆದ ಮನ್ಯಾಗೆ ಲೈಟ್ ಆರ್ಸು ಅನ್ನಾಕೂ ಹೆದರ್ತೀವಿ, ದೊಡ್ಡದು ಮಾಡು ಅಂತೀವಿ. ಕೋಳಿ ಕೊಯ್ದ್ರೂ ಸತ್ತೋತು ಅನ್ನಲ್ಲ. ನೀವು ಹುಡುಗಿ ಅಪ್ಪ ಆಗಿ, ನಮ್ಮೂರ ಎದೆಯುದ್ದ ಮಗನ್ನ ಪೇಪರ್‌ನಾಗೆ ಹೆಣ ಮಾಡಿ ಮಲಗ್ಸೀರಿ. ಬೆಳಿಗ್ಗೆಯಿಂದ ನಾನು ಆಕಿಬ್‌ನ ಅಂಗಡಿಗೆ ಕಳ್ಸಿಲ್ಲ. ಮೋಟಾರು ಶಾಕ್ ಹೊಡದ್ರೆ ನೀವು ಬರ್ತೀರಾ?"

"ಬೀಬಿ, ಕೆಂಚವೀರನಿಗೂ ಆಕಿಬ್‌ಗೂ ಏನ್ ಸಂಬಂಧ?"

"ಊರು ಒಂದೇ ಅಲ್ವೇನ್ರಿ? ಆ ಹುಡುಗ ಎದ್ದು ಕುಂತ ಮ್ಯಾಲೆ ನಿಕಾಹ್ ತಾರೀಕಿನ ಮಾತು. ಅಲ್ಲೀತನ ನಮ್ಮನಿ ಹುಡುಗ ನಮ್ಮನ್ಯಾಗೆ, ನಿಮ್ಮನಿ ಹುಡುಗಿ ನಿಮ್ಮನ್ಯಾಗೆ."

ಫೋನು ಕುಕ್ಕಿದ ಸದ್ದು ನೂರ್‌ಜಹಾನಳಿಗೂ ಕೇಳಿಸಿತು. ನಿಲೋಫರ್ ಅಡುಗೆಮನೆಯಿಂದ ಬಂದು ಅಪ್ಪನ ಎದುರು ನಿಂತಳು. ನರ್ಸರಿ ಶಾಲೆಯ ಟೀಚರು ಅವಳು. ದನಿ ಏರಿಸದೆ ಮಾತಾಡಿದರೂ ಕೇಳುವವರು ಕೈ ಕಟ್ಟಿ ಕೂರುತ್ತಾರೆ. "ಅಬ್ಬಾ, ಅವನನ್ನ ಬದುಕ್ಸು. ನನಗೆ ಆಕಿಬ್ ಬೇಕು," ಅಂದಳು. ಕಣ್ಣು ತುಂಬಿತ್ತು. ಸಾಬರು ತಮ್ಮ ಸಿದ್ಧಾಂತವನ್ನು ಅಲ್ಲೇ ಹತ್ತಿಯ ರಾಶಿಗೆ ಎಸೆದು ಪೆನ್ನು ಹಿಡಿದರು.

ಹತ್ತನೆಯ ವಾರ ಕೆಂಚವೀರ ಎದ್ದು ಕೂತ. ಬಾಣವು ಎದೆಗೆ ನಾಟಿದಂತೆ ಕಂಡರೂ ನಿಜವಾಗಿ ನಾಟಿದ್ದು ಚಂದ್ರಾವತಿ ಗುಟ್ಟಾಗಿ ಹೊಲಿದುಕೊಟ್ಟಿದ್ದ ಹತ್ತಿಯ ಕವಚಕ್ಕೆ. ಹತ್ತಿಯ ಹಿರಿಮೆ, ಅದನ್ನು ಹಿಂಜುವ ಬಗೆ, ದಪ್ಪ ಹೊಲಿಗೆಯ ಬಾಳಿಕೆ ಇವುಗಳನ್ನು ಸಾಬರು ಒಂದೂವರೆ ಪುಟ ವರ್ಣಿಸಿದರು. ತ್ಯಾವಣಿಗೆಯಲ್ಲಿ ವೀರಗಲ್ಲಿಗೆ ಹಾಲು ಎರೆದು ಸಕ್ಕರೆ ಹಂಚಿದರಂತೆ. ರುಕ್ಸಾನಾ ಬೀ ಫೋನು ಮಾಡಿ ಸಲಾಮು ಹೇಳಿದರು. ಸಾಬರು ಉಸ್ಸಪ್ಪಾ ಎಂದು ಕಾಲು ಚಾಚುವಷ್ಟರಲ್ಲಿ ಗೋವಿನಕೋವಿಯಿಂದ ಮುಜೀಬನ ಬೈಕು ಬಂದು ನಿಂತಿತು.

"ಭಾವ, ಊರಾಗೆ ತಲೆ ಎತ್ತಾಕೆ ಆಗ್ತಿಲ್ಲ," ಅಂದ ಮುಜೀಬ್. "ನಮ್ಮೂರ ಬಿಲ್ಲುಗಾರ ಹಾರೋ ಹಕ್ಕಿ ಕಣ್ಣಿಗೆ ಹೊಡಿತಿದ್ದ ಅಂತ ನೀನೇ ನಾಕನೇ ವಾರದಾಗೆ ಬರ್ದಿದ್ದಿ. ಅಂಥೋನು ಈಗ ಗಾದಿಗೆ ಹೊಡದ್ನಾ? ಬಸ್‌ಸ್ಟ್ಯಾಂಡ್‌ನಾಗೆ ಹುಡುಗ್ರು ನನ್ನ ಕಂಡ್ರೆ, 'ಏನ್ ಮುಜೀಬಣ್ಣ, ನಿಮ್ಮ ಭಾವ ಬೀಗ್ರ ಊರಿಗೆ ಮಾರಿಕೊಂಡ್ನಂತೆ' ಅಂತಾರೆ."

"ಹುಡುಗಿ ಮದ್ವೆ ನಿಂತೋಗ್ತಿತ್ತು ಮಾರಾಯ!"

"ಹಂಗಾರೆ ನಮ್ಮೂರ ಮರ್ಯಾದೆ ಹೋಗ್ಲಿ ಅಂತೀಯಾ? ಆಗ್ಲಿ. ನಿಕಾಹ್ ದಿನ ಹುಡುಗಿ ಒಪ್ಪಿಗೆ ಕೇಳೋ ವಕೀಲನ್ನ ತ್ಯಾವಣಿಗೆಯಿಂದ್ಲೇ ಕರೆಸ್ಕ."

ನೂರ್‌ಜಹಾನಳ ಮನೆತನದಲ್ಲಿ ಹುಡುಗಿಯ ಒಪ್ಪಿಗೆ ಕೇಳಿ ಬರುವ ವಕೀಲ ಸೋದರಮಾವನೇ. ಅವನಿಲ್ಲದೆ ಅಜ್ಜಿಯ ಕಾಲದಿಂದ ಒಂದು ನಿಕಾಹ್ ಆದದ್ದಿಲ್ಲ. ನೂರ್‌ಜಹಾನ್ ತಮ್ಮನಿಗೆ ಊಟ ಬಡಿಸಿದಳು. ಗಂಡನಿಗೆ ತಟ್ಟೆ ಹಾಕಲಿಲ್ಲ. "ನನ್ನ ತವರಿನ ಬಿಲ್ಲುಗಾರನ್ನ ಕುರುಡ ಮಾಡಿದ್ರಿ," ಎಂದಷ್ಟೇ ಹೇಳಿದಳು. ಮೊಗ್ಗು ಜಾರಿ ಬೀಳುತ್ತದೆ ಅಂದವಳೂ ಇವಳೇ ಎಂದು ಸಾಬರಿಗೆ ನೆನಪಾಯಿತು, ಆದರೆ ಹಸಿದವರು ವಾದ ಮಾಡಲಾರರು.

ಹನ್ನೊಂದನೆಯ ವಾರ ಗೋವಿನಕೋವಿಯ ಸೈನ್ಯ ಗೆದ್ದಿತು. ತ್ಯಾವಣಿಗೆಯವರು ಯುದ್ಧತಂತ್ರದ ಸಲುವಾಗಿ ಹಿಂದೆ ಸರಿದರು ಎಂದು ಸಾಬರು ಜಾಣತನದಿಂದ ಬರೆದರು. "ಹಿಂದೆ ಸರಿದ್ರು ಅಂದ್ರೆ ಓಡಿದ್ರು ಅಂತಲೇ?" ಎಂದು ಫೋನು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹನ್ನೆರಡನೆಯ ವಾರ ಯಾರೂ ಗೆಲ್ಲುವುದು ಬೇಡ, ಯಾರೂ ಸೋಲುವುದು ಬೇಡ ಎಂದು ಸಾಬರು ಎರಡೂ ಸೈನ್ಯಕ್ಕೆ ಒಟ್ಟಿಗೇ ಭೇದಿ ಹತ್ತಿಸಿದರು. ಈ ಅಧ್ಯಾಯವನ್ನು ಎರಡೂ ಊರಿನವರು ಪ್ರತ್ಯೇಕ ಪ್ರತ್ಯೇಕವಾಗಿ ಖಂಡಿಸಿದರು.

"ನಿಲ್ಸಿಬಿಡ್ತೀನ್ರಿ," ಎಂದು ಸಾಬರು ಹೊನ್ನಾಳಿಗೆ ಹೋಗಿ ಗುರುಬಸವರಾಜರ ಮುಂದೆ ಕೈ ಮುಗಿದರು. ಅವರು ಹೊಸ ಗಾದಿಯ ಮೇಲೆ ಮಲಗಿಕೊಂಡೇ ನಕ್ಕರು. "ಎಂಥ ಮಾತು! ಪೇಪರ್ ಸಾಲ್ತಿಲ್ಲ ನಂಗೆ. ಯುದ್ಧ ನಿಲ್ಸಾಕೆ ಹೋಗಬ್ಯಾಡ್ರಿ, ಚಂದ್ರಾವತಿಗೊಬ್ಳು ತಂಗಿ ಇದ್ರೆ ತರ್ರಿ ನೋಡೋಣ."

ಮರಳಿ ಬಂದರೆ ಅಂಗಡಿಯ ಮುಂದೆ ಬಿಳಿ ಅಂಗಿಯ ಮೂವರು ಕೂತಿದ್ದರು. ಜಗಳೂರಿನಿಂದ ಬಂದವರಂತೆ. ಅವರ ಮುಖಂಡ ತಿಪ್ಪೇಶ್ ಎಂಬಾತ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಸಾರ್, ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯೋರು ಯುದ್ಧ ಮಾಡ್ತಾರೆ, ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯೋರು ಮಾಡ್ತಾರೆ, ಹೊನ್ನಾಳಿಯಾಗೆ ಕುದುರೆಗೆ ನೀರು ಕುಡಿಸ್ತಾರೆ. ಇಡೀ ಯುದ್ಧದಾಗೆ ಜಗಳೂರಿಗೆ ಏನೂ ಇಲ್ಲ. ಎಲ್ಲಾದ್ರಾಗೂ ನಮ್ಮನ್ನ ಹಿಂಗೇ ಬಿಡ್ತಾರೆ. ನಮ್ಮ ಕಡೆಯಿಂದ ಒಂದು ಆನೆನಾದ್ರೂ ತಗಳ್ರಿ."

"ಜಗಳೂರಾಗೆ ಆನೆ ಎಲ್ಲಿಂದ ಬರ್ತಾವಪ್ಪ?" ಸಾಬರು ಹಣೆ ಹಿಡಿದುಕೊಂಡರು.

"ಗೋವಿನಕೋವಿಯಾಗೆ ಕೋಟೆ ಎಲ್ಲಿಂದ ಬಂತು ಸಾರ್?"

ಮಾರಪ್ಪ ಚಹಾ ಸೋಸುವುದನ್ನು ನಿಲ್ಲಿಸಿ, "ಕೊಟ್ಬಿಡ್ರಿ ಸಾಬ್ರೆ, ಒಂದು ಆನೆ ತಾನೆ," ಅಂದ. ಸಾಬರು ಕೊಟ್ಟರು. ಆನೆ ಯಾರ ಕಡೆ ನಿಲ್ಲಬೇಕು ಎಂಬ ಪ್ರಶ್ನೆ ಬಂದಾಗ, ಅದು ದಾರಿ ತಪ್ಪಿ ಎರಡು ಸೈನ್ಯದ ನಡುವೆ ನಿಂತಿತು ಎಂದು ಬರೆದರು. ಅಲ್ಲಿಂದ ಅದನ್ನು ಕದಲಿಸಲು ಅವರಿಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ.

ಇಷ್ಟರಲ್ಲಿ ಹೊನ್ನಾಳಿಯ ಸೇತುವೆಯ ಮೇಲೆ ಒಂದು ಖಾಸಗಿ ಬಸ್ಸು ನಿಂತುಬಿಟ್ಟಿತು. ಹಿಂದಿನ ಸೀಟಿನ ತ್ಯಾವಣಿಗೆ ಹುಡುಗರಿಗೂ ಮುಂದಿನ ಸೀಟಿನ ಗೋವಿನಕೋವಿ ಹುಡುಗರಿಗೂ, ಭೇದಿ ಮೊದಲು ಹತ್ತಿದ್ದು ಯಾರಿಗೆ ಎಂಬ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಅಂಗಿ ಹರಿದಿತ್ತು. ಕಂಡಕ್ಟರು ಬಸ್ಸನ್ನು ನೇರ ಪೊಲೀಸ್ ಠಾಣೆಗೆ ಹೊಡೆಸಿದ.

"ಏನ್ರೋ ಜಗಳ?" ಎಂದರು ಸಬ್ ಇನ್ಸ್‌ಪೆಕ್ಟರು.

"ಯುದ್ಧದ್ದು ಸಾರ್."

"ಯಾವಾಗ ಆಗಿದ್ದು?"

"ಇನ್ನೂರೈವತ್ತು ವರ್ಷ ಆತು ಸಾರ್."

"ಇಷ್ಟು ದಿನ ಏನ್ ಮಾಡ್ತಿದ್ರಿ?"

"ನಮಗೆ ಗೊತ್ತಾಗಿದ್ದೇ ಈಗ ಸಾರ್."

ಅವರು ಮೇಲಿನವರಿಗೆ ವರದಿ ಕಳಿಸಿದರು. ಮೇಲಿನವರು ಅವರ ಮೇಲಿನವರಿಗೆ ಕಳಿಸಿದರು. ಉಪವಿಭಾಗದ ಸಾಹೇಬರಿಗೆ ಅದು ಮುಟ್ಟುವ ಹೊತ್ತಿಗೆ ಹರಿದ ಅಂಗಿ ಬಿಟ್ಟುಹೋಗಿ ಎರಡು ತಾಲ್ಲೂಕಿನ ನಡುವಿನ ಅಂತರ್ಯುದ್ಧ ಒಂದೇ ಉಳಿದಿತ್ತು. ಅವರು ಹೊನ್ನಾಳಿಯ ಪ್ರವಾಸಿ ಮಂದಿರದಲ್ಲಿ ಶಾಂತಿಸಭೆ ಕರೆದರು.

ಆ ದಿನ ಬೆಳಿಗ್ಗೆ ನಿಲೋಫರ್ ಅಪ್ಪನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. "ಅಬ್ಬಾ, ಇವತ್ತು ಮಾವನೂ ಬರ್ತಾನೆ, ಅತ್ತೆನೂ ಬರ್ತಾರೆ. ಇಬ್ರೂ ಒಂದು ಮಾತಿಗೆ ಬಂದ್ರೆ ನನ್ನ ಮದ್ವೆ. ಇಲ್ಲಾಂದ್ರೆ ಇಲ್ಲ. ನೀನು ಏನ್ ಬೇಕಾದ್ರೂ ಒಪ್ಕ," ಅಂದಳು. ಸಾಬರು ಅವಳ ತಲೆಯ ಮೇಲೆ ಕೈಯಿಟ್ಟು, ಒಪ್ಪುತ್ತೇನೆ ಎಂದು ಮಾತು ಕೊಟ್ಟರು.

ಸಭೆಯಲ್ಲಿ ಎಡಕ್ಕೆ ತ್ಯಾವಣಿಗೆ, ಬಲಕ್ಕೆ ಗೋವಿನಕೋವಿ, ಹಿಂದಿನ ಬೆಂಚಿನಲ್ಲಿ ಆನೆಯ ವಾರಸುದಾರರಾಗಿ ಜಗಳೂರು ಕೂತಿದ್ದವು. ಗುರುಬಸವರಾಜ್ ವರದಿಗೆ ಪೆನ್ನು ಬಿಚ್ಚಿದ್ದರು. ಸಾಹೇಬರು ಯಾವುದನ್ನೂ ಓದದೆ ಸಹಿ ಹಾಕದ ಶಿಸ್ತಿನ ಮನುಷ್ಯ. ಆದರೆ ಕಾದಂಬರಿ ಓದಲು ಅವರಿಗೆ ಸಮಯ ಸಿಕ್ಕಿರಲಿಲ್ಲ, ವರದಿ ಮಾತ್ರ ಓದಿದ್ದರು.

"ಈ ಚಂದ್ರಾವತಿ ಎಂಬ ಹೆಣ್ಣುಮಗಳು ಸದ್ಯ ಯಾರ ವಶದಲ್ಲಿದ್ದಾಳೆ?" ಎಂದು ಶುರುಮಾಡಿದರು.

"ನಮ್ಮೂರಾಗೇ ಅದಾಳೆ ಸಾರ್," ಅಂದ ಮುಜೀಬ್.

"ಮೂರು ವಾರದಿಂದ ಮೆಟ್ಲ ಮ್ಯಾಲೆ ಕುಂದ್ರಿಸ್ಯಾರೆ ಸಾರ್, ಹುಡುಗನ ಮುಖ ತೋರ್ಸಿಲ್ಲ," ಎಂದು ರುಕ್ಸಾನಾ ಬೀ ಸೆರಗು ಬಿಗಿದುಕೊಂಡು ಎದ್ದರು. "ನಮ್ಮ ಹುಡುಗ ಎದೆಗೆ ಗಾದಿ ಕಟ್ಗಂಡು ಎಷ್ಟು ದಿನ ಕಾಯ್ಬೇಕು?"

ಸಾಹೇಬರು ಚಾಣಾಕ್ಷರು. ಮದುವೆ ಮಾಡಿಸಿಬಿಟ್ಟರೆ ಯುದ್ಧ ಮುಗಿಯುತ್ತದೆ ಎಂದರು. ಎರಡೂ ಕಡೆ ತಲೆ ಆಡಿತು. ಸಾಬರು ಮೊದಲ ಬಾರಿಗೆ ಬೆನ್ನು ಒರಗಿಸಿ ಕೂತರು. ಆಗ ತ್ಯಾವಣಿಗೆಯ ಹಿರಿಯರು ಬಸವರಾಜಪ್ಪ, "ಮದ್ವೆ ಎಲ್ಲಿ?" ಎಂದು ಕೇಳಿದರು. ಹುಡುಗಿಯ ಊರಲ್ಲಿ ಎಂದಿತು ಗೋವಿನಕೋವಿ. ಗೆದ್ದವರ ಊರಲ್ಲಿ ಎಂದಿತು ತ್ಯಾವಣಿಗೆ. ಗೆದ್ದವರು ಯಾರು ಎಂದು ಹತ್ತು ಜನ ಎದ್ದರು. ಊಟಕ್ಕೆ ಹೋಳಿಗೆಯೋ ಪಾಯಸವೋ, ದಿಬ್ಬಣ ಹೊಳೆ ದಾಟುವುದು ತೆಪ್ಪದಲ್ಲೋ ಕುದುರೆಯಲ್ಲೋ, ಸೈನಿಕರಲ್ಲಿ ಭೇದಿ ನಿಂತವರಷ್ಟೇ ಬರಬೇಕೋ ಎಲ್ಲರೂ ಬರಬಹುದೋ ಎಂದು ಮಾತು ಹರಿಯಿತು. "ಮದ್ವಿ ಹುಡುಗನ್ನ ಆನೆ ಮ್ಯಾಲೆ ತರ್ರಿ, ನಮ್ಮದು ಖಾಲಿ ನಿಂತೈತೆ," ಎಂದು ತಿಪ್ಪೇಶ್ ಹಿಂದಿನಿಂದ ಕೂಗಿದ. ಸಾಹೇಬರು ಎಲ್ಲವನ್ನೂ ಬರೆಸಿಕೊಂಡರು. ಒಂದು ಗಂಟೆಯಾದರೂ ನಿಲೋಫರಳ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಸಾಬರಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಉಸಿರಾಡುವ ಹುಡುಗಿ ಕಾಯುತ್ತಿದ್ದಾಳೆ, ಇವರು ಇಲ್ಲದವಳ ಪಾಯಸಕ್ಕೆ ದ್ರಾಕ್ಷಿ ಗೋಡಂಬಿ ಹಾಕುತ್ತಿದ್ದಾರೆ! ಕೊಟ್ಟ ಮಾತು ಮರೆತೇ ಹೋಯಿತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತರು.

"ನಿಲ್ಸ್ರಿ ಸಾಕು! ಯಾವ ಯುದ್ಧನೂ ಆಗಿಲ್ಲ! ಕೆಂಚವೀರ ಹುಟ್ಟೇ ಇಲ್ಲ, ಚಂದ್ರಾವತಿ ಹುಟ್ಟೇ ಇಲ್ಲ! ನಾನು ಗಾದಿ ಹೊಲಿತಾ ಹೊಲಿತಾ ಕಟ್ಟಿದ ಸುಳ್ಳು ಅದು. ಊರ ಹೆಸ್ರು ಹಾಕಿದ್ದು ನಿಮ್ಮನ್ನ ಖುಷಿ ಮಾಡಾಕೆ. ತಪ್ಪಾತು, ಬಿಟ್ಬಿಡ್ರಿ ನನ್ನ!"

ಬಸವರಾಜಪ್ಪ ನಿಧಾನವಾಗಿ ಕನ್ನಡಕ ತೆಗೆದರು.

"ಯುದ್ಧ ಆಗಿಲ್ಲಾ? ಹಂಗಾದ್ರೆ ಕೆರೆ ಏರಿ ಮ್ಯಾಲಿನ ಕಲ್ಲು ಯಾರ್ದು?"

"ನಂಗೇನ್ ಗೊತ್ರಿ? ಆ ಕಲ್ಲು ಮೊದ್ಲಿಂದ್ಲೂ ಐತೆ."

"ಕೇಳಿದ್ರಾ? ಮೊದ್ಲಿಂದ್ಲೂ ಐತೆ ಅಂತ ಅವ್ರೇ ಒಪ್ಕಂಡ್ರು."

"ಭಾವ," ಎಂದು ಮುಜೀಬ್ ಬಲಗಡೆಯಿಂದ ಎದ್ದ. "ನಮ್ಮೂರ ಹೆಣ್ಮಗಳು ಹುಟ್ಟೇ ಇಲ್ಲ ಅಂತೀಯಾ? ನಮ್ಮಜ್ಜಿ ಅವಳ ಮೆಟ್ಲ ಮ್ಯಾಲೆ ಕುಂತು ಬಟ್ಟೆ ಒಗ್ದಾಳೆ!"

"ಒಂದು ವಾರ ಪೂರ್ತಿ ಅತ್ತೀನಿ ನಾನು ಆ ಹುಡುಗನಿಗೆ," ಎಂದು ರುಕ್ಸಾನಾ ಬೀ ಎಡಗಡೆಯಿಂದ ಎದ್ದರು. "ಹುಟ್ದೇ ಇರೋರಿಗೆ ಯಾರಾದ್ರೂ ಅಳ್ತಾರೇನ್ರಿ? ನಿಮ್ಮ ಭಾವನಿಗೆ ತಲೆ ಸರಿ ಐತಾ ಮುಜೀಬ್ ಭಾಯ್?"

"ಮೊದ್ಲಿಂದ್ಲೂ ಹಿಂಗೇ ಅಕ್ಕಾ. ನಮ್ಮಕ್ಕ ಹೆಂಗೆ ಬಾಳ್ವೆ ಮಾಡ್ಯಾಳೋ ಆ ದೇವ್ರಿಗೇ ಗೊತ್ತು."

ಅಕ್ಕಾ ಎಂಬ ಮಾತು ಬಿದ್ದದ್ದೇ ತಡ, ಎಡ ಬಲ ಅನ್ನುವುದೇ ಉಳಿಯಲಿಲ್ಲ. ಎರಡೂ ಊರಿನವರು ಸಾಬರನ್ನು ಸುತ್ತುವರಿದರು. ನಮ್ಮ ಹಿರೀಕರು ಸುಮ್ಮಸುಮ್ಮನೆ ಸತ್ತರೇನು ಎಂದು ತ್ಯಾವಣಿಗೆ ಕೇಳಿತು. ಅದಕ್ಕೇ ನಾವೂ ಕೇಳುತ್ತಿರುವುದು ಎಂದು ಗೋವಿನಕೋವಿ ದನಿಗೂಡಿಸಿತು. ನಮ್ಮ ಆನೆ ಎಲ್ಲಿ ಎಂದು ಜಗಳೂರು ಕೇಳಿತು. "ಇತಿಹಾಸಕ್ಕೆ ಅಪಚಾರ ಮಾಡಬಾರದು," ಎಂದು ಸಾಹೇಬರು ಸಾಬರಿಗೆ ಎಚ್ಚರಿಕೆ ಕೊಟ್ಟು, ಇನ್ನು ಮುಂದೆ ಬರೆಯುವುದಿಲ್ಲ ಎಂದು ಬಾಯಿಂದ ಹೇಳಿಸಿದರು. ಸಾಬರು ಹೇಳಿದರು. ಗುರುಬಸವರಾಜ್ ಪೆನ್ನು ಮುಚ್ಚಿಕೊಂಡು ಬೆನ್ನು ಹಿಡಿದುಕೊಂಡರು.

ರುಕ್ಸಾನಾ ಬೀ ಮತ್ತು ಮುಜೀಬ್ ಆಗಲೇ ಒಂದೇ ಬೆಂಚಿನ ಮೇಲೆ ಕೂತಿದ್ದರು. "ಇಂಥೋರ ಕೈಗೆ ಹುಡುಗಿ ಮದ್ವೆ ಬಿಟ್ರೆ ಆಗಲ್ಲ ಬಿಡ್ರಿ," ಅಂದರು ಬೀಗಿತ್ತಿ. "ಪಾಪ, ಆ ಮಗು ಎಷ್ಟು ದಿನ ಈ ಮನ್ಯಾಗೆ ಇರಬೇಕು? ತಾರೀಕು ನಾವೇ ನೋಡೋಣ."

"ಬರೋ ಶುಕ್ರವಾರದ ಜುಮ್ಮಾ ಬಿಟ್ಟು ಮುಂದಿಂದು ಇಟ್ಗಳ್ರಿ ಅಕ್ಕಾ. ವಕೀಲ ನಾನಿದೀನಿ," ಅಂದ ಮುಜೀಬ್.

ಸಾಬರು ಬಾಯಿ ತೆರೆದರು. ಸಭೆಗೆ ಬಂದು ಬಾಗಿಲ ಬಳಿ ನಿಂತಿದ್ದ ನೂರ್‌ಜಹಾನ್ ಕಣ್ಣಿನಲ್ಲೇ ಗದರಿದಳು. ಸಾಬರು ಬಾಯಿ ಮುಚ್ಚಿದರು. ಮನೆಗೆ ಬಂದಾಗ ನಿಲೋಫರ್ ಹೊಸ್ತಿಲಲ್ಲೇ ನಿಂತಿದ್ದಳು. "ಏನಾತು ಅಬ್ಬಾ?"

"ಎಲ್ಲಾ ಸೇರಿ ನನ್ನ ಹುಚ್ಚ ಅಂದ್ರು."

"ಮದ್ವೆ?"

"ಮುಂದಿನ ಜುಮ್ಮಾ ಆದ ಮ್ಯಾಲಿನ ಜುಮ್ಮಾ."

ಅವಳು ಹಿಗ್ಗಿ ಅಪ್ಪನನ್ನು ಅಪ್ಪಿಕೊಂಡಳು. ಹುಚ್ಚನಾಗಿದ್ದು ಸಾರ್ಥಕವಾಯಿತೆಂದು ಸಾಬರಿಗೆ ಅನ್ನಿಸಿತು, ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ.

ನ್ಯಾಮತಿಯಲ್ಲಿ ನಿಕಾಹ್ ಸುಸೂತ್ರವಾಗಿ ಮುಗಿಯಿತು. ಮುಜೀಬ್ ಮುಂದೆ ನಿಂತು ಹುಡುಗಿಯ ಒಪ್ಪಿಗೆ ಕೇಳಿಬಂದ. ಮರುದಿನ ತ್ಯಾವಣಿಗೆಯಲ್ಲಿ ಗಂಡಿನ ಕಡೆಯವರು ಹಾಕುವ ವಲೀಮಾ ಊಟ. ಬೀಗರು ಸಾಬರನ್ನು ಪ್ರೀತಿಯಿಂದಲೇ ಕರೆದರು, ಆದರೆ ಅವರ ಕೈಗೆ ಸಿಗುವಂತೆ ಪೆನ್ನು ಎಲ್ಲೂ ಇಟ್ಟಿರಲಿಲ್ಲ. ಊಟಕ್ಕೆ ಇನ್ನೂ ಹೊತ್ತಿತ್ತು. ಸಾಬರು ಕೆರೆ ಏರಿಯ ಕಡೆ ನಡೆದರು. ಕಲ್ಲಿಗೆ ಸುಣ್ಣ ಬಳಿದು, ತಗಡಿನ ನೆರಳು ಕಟ್ಟಿ, ಎಮ್ಮೆ ಬರದಂತೆ ಮುಳ್ಳು ಹಾಕಿದ್ದರು. ಪಕ್ಕದಲ್ಲಿ ಚಿತ್ತಪ್ಪ ಎಂಬ ಮುದುಕ ಬೀಡಿ ಸೇದುತ್ತ ಕೂತಿದ್ದ. ಇವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಮದ್ವಿಗೆ ಬಂದೋರಾ? ಕುಂದ್ರಿ," ಅಂದ. "ಇದು ಕೆಂಚವೀರನ ಕಲ್ಲು. ನಮ್ಮ ತಾತನ ತಾತ ಅವನ ಕುದ್ರೆಗೆ ಹುಲ್ಲು ಹಾಕ್ತಿದ್ದ. ಕುದ್ರೆ ಹೆಸ್ರು ಗಾಳಿಕೆಂಚ."

ಕುದುರೆಗೆ ಸಾಬರು ಹೆಸರೇ ಇಟ್ಟಿರಲಿಲ್ಲ. "ಕುದ್ರೆ ಬಿಳೇದಲ್ವಾ ಅಜ್ಜಾ?" ಎಂದರು.

"ಯಾರ್ ಹೇಳಿದ್ರು? ಕೆಂಪು. ನೀವು ಹೊರಗಿನೋರು, ನಿಮಗೇನ್ ಗೊತ್ತು?" ಚಿತ್ತಪ್ಪ ಹೊಗೆ ಬಿಟ್ಟು ಕಥೆ ಹೇಳಿದ. ಬಾಣ ಬಂದದ್ದು, ಹತ್ತಿ ಉಳಿಸಿದ್ದು, ಹೊಳೆಯ ನೀರು ಕುದುರೆಯ ಕುತ್ತಿಗೆಗೆ ಮುಟ್ಟಿದ್ದು, ಆನೆ ಅಲುಗದೆ ನಿಂತದ್ದು. ಸಾಬರು ಬರೆದದ್ದಕ್ಕಿಂತ ಚೆನ್ನಾಗಿತ್ತು. ಅವರಿಗೆ ಹೊಟ್ಟೆಯೂ ಉರಿಯಿತು, ಮೈಯೂ ಜುಮ್ಮೆಂದಿತು. ತಮಗೆ ಗೊತ್ತಿಲ್ಲದ್ದನ್ನು ಕೇಳುವವರಂತೆ ಕೇಳಿಯೇಬಿಟ್ಟರು.

"ಹುಡುಗಿ ಏನಾದ್ಲು ಅಜ್ಜಾ?"

"ಏನಾಗ್ತಾಳೆ? ನಮ್ಮೂರ ಸೊಸೆಯಾಗಿ ಬಂದ್ಲು. ಚೆಂದಾಗಿ ಬಾಳಿದ್ಲು," ಅಂದ ಚಿತ್ತಪ್ಪ. ಊರೊಳಗಿನ ಪೆಂಡಾಲಿನಿಂದ ನಿಲೋಫರಳ ನಗು ಇಲ್ಲಿಯವರೆಗೂ ಕೇಳಿಸುತ್ತಿತ್ತು. ಸಾಬರು ಆ ಕಡೆ ತಿರುಗಿದರು. ಮುದುಕ ಮಾತು ಮುಂದುವರಿಸಿದ. "ಹುಡುಗಿ ಬಂಗಾರದಂಥೋಳು. ಅವಳಪ್ಪ ಒಬ್ಬ ಇದ್ದ ನೋಡ್ರಿ, ಶುದ್ಧ ತಲೆತಿರುಕ. ಅವ್ನು ಸುಮ್ನಿದ್ದಿದ್ರೆ ಯುದ್ಧನೇ ಆಗ್ತಿರ್ಲಿಲ್ಲ."

"ಅವಳಿಗೆ ಅಪ್ಪ ಇರ್ಲಿಲ್ಲ ಅಜ್ಜಾ! ತಬ್ಬಲಿ ಅವಳು!" ಸಾಬರು ಕೂಗಿಯೇಬಿಟ್ಟರು.

"ಇದ್ದ ಅಂತೀನಿ. ಇಡೀ ಊರಿಗೇ ಗೊತ್ತೈತೆ."

ಸಾಬರು ಕಲ್ಲನ್ನು ನೋಡಿದರು. ಕುದುರೆಯ ಮೇಲಿನ ವೀರ ಸುಣ್ಣದೊಳಗಿಂದ ಮಿಕಮಿಕ ನೋಡುತ್ತಿದ್ದ. ಊಟಕ್ಕೆ ಏಳಿ ಎಂದು ಪೆಂಡಾಲಿನಿಂದ ಯಾರೋ ಕೂಗಿದರು.

"ಆಮ್ಯಾಲೆ ಏನಾದ ಅವ್ನು, ಆ ಅಪ್ಪ?"

ಚಿತ್ತಪ್ಪ ಬೀಡಿ ನೆಲಕ್ಕೆ ಒತ್ತಿದ. "ಅವನಾ? ಏನಾಗ್ತಾನೆ? ಬಾಯಿ ಮುಚ್ಗಂಡು ಮಗಳ ಮದ್ವಿ ಊಟ ಉಂಡು ಊರಿಗೆ ಹೋದ."

ಮಂಜೂರ್ ಸಾಬರು ಎದ್ದು, ಧೋತರದ ಧೂಳು ಕೊಡವಿಕೊಂಡು, ಊಟಕ್ಕೆ ಹೋದರು.